ಒರತೆಗೆ ಬೀಗ ಜಡಿದವನೇ ಕೇಳು

ತಮ್ಮ ದೈಫುಲ್ಲಾ ಅಡುಗೆಮನೆಯ ಹೊಸ್ತಿಲಲ್ಲಿ ನಿಂತು ಗಡ್ಡ ಕೆರೆದುಕೊಂಡರೆ ತಕಿಯ್ಯಾಳಿಗೆ ಮೈಯೆಲ್ಲ ಉರಿಯುತ್ತಿತ್ತು. ಅವನು ಬಂದದ್ದು ಅಕ್ಕನ ಯೋಗಕ್ಷೇಮ ವಿಚಾರಿಸುವುದಕ್ಕಲ್ಲ, ಪದ ಕಟ್ಟಿಸಿಕೊಳ್ಳುವುದಕ್ಕೆ. ಸುತ್ತಲಿನ ಏಳೆಂಟು ಹಳ್ಳಿಗಳಲ್ಲಿ ಅವನಿಗೆ ದೊಡ್ಡ ಕವಿಯೆಂದು ಹೆಸರು. ಸಂತೆಯಲ್ಲಿ ಅವನ ಕ್ಯಾಸೆಟ್ಟುಗಳು ಸಿಗುತ್ತಿದ್ದವು, ಮೇಲೆ ಅವನದೇ ಫೋಟೋ, ಸೊಂಟದಲ್ಲಿ ಬಾಗಿದ ಕಠಾರಿ, ಮುಖದಲ್ಲಿ ಯೋಚನೆ ಮಾಡುತ್ತಿರುವವನ ಕಳೆ. ಆ ಯೋಚನೆಯೆಲ್ಲ ಅಕ್ಕ ಬೀಸುವ ಕಲ್ಲಿನ ಮುಂದೆ ಕೂತು ಮಾಡಿದ್ದು ಎಂದು ಫೋಟೋ ಹೇಳುತ್ತಿರಲಿಲ್ಲ, ದೈಫುಲ್ಲಾನೂ ಹೇಳುತ್ತಿರಲಿಲ್ಲ.

ಯೆಮನಿನ ಈ ಬೆಟ್ಟದ ಸೀಮೆಯಲ್ಲಿ ಪದ ಕಟ್ಟುವವನಿಲ್ಲದ ಊರು ನ್ಯಾಯ ಕೇಳಲು ಹೋಗುವ ಹಾಗೇ ಇಲ್ಲ. ಗಡಿ ತಕರಾರಿರಲಿ, ಕೊಲೆಯಾಗಿರಲಿ, ಅಧಿಕಾರಿ ಹೊಸ ತೆರಿಗೆ ಹೇರಿರಲಿ, ಗಂಡಸರು ಸಾಲಾಗಿ ಎದುರಾಳಿಯ ಬಾಗಿಲಿಗೆ ನಡೆಯಬೇಕು. ನಡೆಯುತ್ತಲೇ ಎರಡು ಸಾಲಿನ ಪದವನ್ನು ಒಕ್ಕೊರಲಲ್ಲಿ ಕೂಗಬೇಕು. ಅದಕ್ಕೆ ಝಾಮಿಲ್ ಎನ್ನುತ್ತಾರೆ. ಎದುರಿನವರು ಅದೇ ಧಾಟಿಯಲ್ಲಿ, ಅದೇ ಪ್ರಾಸದಲ್ಲಿ ತಿರುಗಿ ಹೇಳಬೇಕು. ಉತ್ತರ ಹೊಳೆಯದೆ ತಡವರಿಸಿದವರು ಅರ್ಧ ವ್ಯಾಜ್ಯವನ್ನು ಹೊಸ್ತಿಲಲ್ಲೇ ಸೋತಂತೆ. ಮೇಲಾಗಿ ಬಾಗಿಲಲ್ಲಿ ಕೂಗಿದ್ದು ಬರೀ ಹಾಡಲ್ಲ, ಸಾಕ್ಷಿ. ಊರೆಲ್ಲ ಕೇಳುವಂತೆ ಕೂಗಿ, ಆಮೇಲೆ ನಾನು ಹಾಗಂದಿರಲಿಲ್ಲ ಎನ್ನುವಂತಿಲ್ಲ.

ತಕಿಯ್ಯಾಳ ತಂದೆ ಈ ವಿದ್ಯೆಯಲ್ಲಿ ಪಳಗಿದವನು. ಮಗನಿಗೆ ಕಲಿಸಬೇಕೆಂದು ಬೈದ, ಹೊಡೆದ, ಮುದ್ದು ಮಾಡಿದ. ಮಗನಿಗೆ ಗಂಟಲು ಬಂತು, ಪದ ಬರಲಿಲ್ಲ. ಗೋಡೆಯಾಚೆ ಜೋಳ ಬೀಸುತ್ತ ಕೂತಿದ್ದ ಮಗಳಿಗೆ ಯಾರೂ ಕಲಿಸದೆ ಎಲ್ಲವೂ ಬಂದುಬಿಟ್ಟಿತು. ಅವಳಿಗೆ ಮದುವೆಯಾದ ಹೊಸತರಲ್ಲಿ ಅಧಿಕಾರಿಯೊಬ್ಬ ರಸ್ತೆ ಮಾಡಿಸುತ್ತೇನೆಂದು ಮನೆಮನೆಯಿಂದ ಜೋಳ ಎತ್ತಿ, ರಸ್ತೆಯನ್ನು ತನ್ನ ಮನೆಯಂಗಳದವರೆಗೆ ಮಾತ್ರ ಮಾಡಿಸಿದ. ತಕಿಯ್ಯಾ ಬೀಸುವ ಕಲ್ಲಿನ ಮುಂದೆ ಅವನ ಮೇಲೆ ಎರಡು ಸಾಲು ಹಾಡಿಕೊಂಡಳು. ಕೇಳಿಸಿಕೊಂಡ ದೈಫುಲ್ಲಾ ಅದನ್ನು ಸಂತೆಯಲ್ಲಿ ಹಾಡಿದ. ಮುಂದೆ ಆ ಮನುಷ್ಯನ ಜೀಪು ಹೋದಲ್ಲೆಲ್ಲ ಮಕ್ಕಳು ಅದನ್ನು ಕೂಗುತ್ತ ಹಿಂದೆ ಓಡತೊಡಗಿದವು, ಕೊನೆಗೆ ಅವನು ವರ್ಗ ಮಾಡಿಸಿಕೊಂಡು ಹೋದ. ದೈಫುಲ್ಲಾನನ್ನು ಜನ ಹೆಗಲ ಮೇಲೆ ಹೊತ್ತರು. ತಕಿಯ್ಯಾಳಿಗೆ ಸಿಕ್ಕಿದ್ದು, ಹೆಂಗಸಾಗಿ ಗಂಡಸರ ವಿಷಯಕ್ಕೆ ಬಾಯಿ ಹಾಕಬೇಡವೆಂದು ಅತ್ತೆಯ ಬೈಗುಳ.

ಗಂಡ ಗಡಿಯಾಚೆ ಕಟ್ಟಡದ ಕೆಲಸಕ್ಕೆ ಹೋದವನು ಅಲ್ಲೇ ಮಣ್ಣಾದ. ಅವಳಿಗೆ ಉಳಿದದ್ದು ಅವನು ಕಟ್ಟಿದ ಮನೆ, ಬೆಟ್ಟದ ಇಳಿಜಾರಿನಲ್ಲಿ ಎರಡು ಮೆಟ್ಟಿಲು ಜೋಳದ ಹೊಲ, ಒಂದು ಹಸು ಮತ್ತು ಆ ನಾಲಿಗೆ.

ಈ ಸಲ ತಮ್ಮ ಬಂದು ನಿಂತದ್ದು ನೀರಿನ ವಿಷಯಕ್ಕೆ. ಬೆಟ್ಟದ ಮೇಲಿನ ಊರಿನ ಮುಖ್ಯಸ್ಥ ಶೇಖ್ ಸಿನಾನ್ ಆ ವರ್ಷ ಒರತೆಯ ಬಾಯಿಗೆ ಡೀಸೆಲ್ ಪಂಪು ಕೂರಿಸಿ, ಸುತ್ತ ಗೋಡೆ ಕಟ್ಟಿ, ಕಬ್ಬಿಣದ ಬಾಗಿಲಿಗೆ ಬೀಗ ಜಡಿದಿದ್ದ. ಅಜ್ಜಿಯರ ಕಾಲದಿಂದ ಸರದಿಯ ಮೇಲೆ ಕೆಳಗಿನ ಹೊಲಗಳಿಗೆ ಹರಿಯುತ್ತಿದ್ದ ನೀರು ಈಗ ಪೈಪಿನಲ್ಲಿ ಹತ್ತಿ ಅವನ ಖಾತ್ ತೋಟಕ್ಕೆ ಹೋಗುತ್ತಿತ್ತು. ಜಗಿಯುವ ಸೊಪ್ಪಿಗೆ ನೀರು, ತಿನ್ನುವ ಕಾಳಿಗೆ ಧೂಳು. ಕೆಳಗೆ ಜೋಳ ಹಾಲುಗಾಳಿಗೆ ಬಂದಿತ್ತು. ಇನ್ನೊಂದು ವಾರ ನೀರು ಕಾಣದಿದ್ದರೆ ಇಡೀ ಊರಿನ ತೆನೆ ಜೊಳ್ಳಾಗುತ್ತಿತ್ತು, ವರ್ಷವಿಡೀ ಒಲೆ ಹಚ್ಚಲು ಕಾರಣವೇ ಇರುತ್ತಿರಲಿಲ್ಲ.

"ಅಕ್ಕಾ, ಒಂದೆರಡು ಸಾಲು," ಎಂದ ದೈಫುಲ್ಲಾ. "ನಾಡಿದ್ದು ಎತ್ತು ಹೊಡ್ಕೊಂಡು ಶೇಖನ ಬಾಗಿಲಿಗೆ ಹೋಗ್ತಿದೀವಿ. ಹಾಜಿ ಮುತಹ್ಹರ್ ಪಂಚಾಯ್ತಿ ಮಾಡ್ತಾರಂತೆ."

"ಇಷ್ಟು ದಿನ ಏನ್ ಮಾಡ್ತಿದ್ರಿ? ನನ್ನ ಹೊಲ ಬಾಯಿ ಬಿಟ್ಕೊಂಡು ಕೂತಿದೆ."

"ಯೋಚನೆ ಮಾಡ್ತಿದ್ವಿ."

"ಖಾತ್ ಜಗೀತಾ ಮಾಡ್ತಿದ್ರಿ ಅನ್ನು. ಅವನ ನೀರಲ್ಲಿ ಬೆಳೆದ ಸೊಪ್ಪನ್ನ ಅವನಿಂದಲೇ ಕೊಂಡ್ಕೊಂಡು ಜಗಿದು, ಅವನ ಮೇಲೆ ಏನು ಹೇಳೋದು ಅಂತ ಯೋಚನೆ!"

ದೈಫುಲ್ಲಾ ಮತ್ತೆ ಗಡ್ಡ ಕೆರೆದುಕೊಂಡ. ತಕಿಯ್ಯಾ ಹಿಟ್ಟಿನ ಕೈ ಒರೆಸಿಕೊಳ್ಳದೆಯೇ ಹೇಳಿದಳು:

"ಅಜ್ಜಿಯರು ತೋಡಿದ ಒರತೆಗೆ ಬೀಗ ಜಡಿದವನೇ ಕೇಳು,
ನಿನ್ನ ಖಾತ್ ತೋಟ ಹಚ್ಚಗಿದೆ, ನಮ್ಮ ಜೋಳದ ಹೊಲ ಬೀಳು."

ದೈಫುಲ್ಲಾ ಬಾಯಲ್ಲೇ ಎರಡು ಸಲ ಹೇಳಿಕೊಂಡ. "ಚೆನ್ನಾಗಿದೆ. ಸ್ವಲ್ಪ ಖಾರ ಜಾಸ್ತಿ ಆಯ್ತೇನೋ."

"ಒಂದಕ್ಷರ ಮುಟ್ಟಿದ್ರೆ ನೋಡು ಮತ್ತೆ."

"ಅಯ್ಯೋ, ನಾನ್ಯಾಕೆ ಮುಟ್ಲಿ," ಎಂದು ಅವನು ಹೋದ.

ಅವನು ಮುಟ್ಟಲಿಲ್ಲ, ಊರಿನ ಗಂಡಸರೆಲ್ಲ ಸೇರಿ ಮುಟ್ಟಿದರು. ಮಧ್ಯಾಹ್ನದ ಖಾತ್ ಕೂಟದಲ್ಲಿ ಕೆನ್ನೆ ಉಬ್ಬಿಸಿಕೊಂಡು ಕೂತವರಿಗೆ ಆ ಪದ ಒರಟೆನಿಸಿತು. ಕೇಳಲು ಹೋಗುವವರು ಮೊದಲ ಸಾಲಿನಲ್ಲೇ ಬೈಯುತ್ತಾರೆಯೇ? ಮನೆಯೊಡೆಯನನ್ನು ಒಂದಿಷ್ಟು ಹೊಗಳಿದರೆ ಅವನ ಮನಸ್ಸು ಕರಗುವುದಿಲ್ಲವೇ? ಒಬ್ಬ ಒಂದು ಮಾತು ತೆಗೆದ, ಇನ್ನೊಬ್ಬ ಒಂದು ಸಕ್ಕರೆ ಹರಳು ಹಾಕಿದ, ಸೂರ್ಯ ಇಳಿಯುವ ಹೊತ್ತಿಗೆ ಪದದಲ್ಲಿ ಹಲ್ಲೇ ಉಳಿದಿರಲಿಲ್ಲ. ನಯ ನಾಜೂಕಿನಲ್ಲಿ ನಮ್ಮ ಗಂಡಸರನ್ನು ಮೀರಿಸುವವರಿಲ್ಲ, ಅದರಿಂದ ಕೆಟ್ಟದ್ದೂ ಅಷ್ಟಿಷ್ಟಲ್ಲ.

ಹೊರಟ ದಿನ ಮುಂದೆ, ಪದ್ಧತಿಯಂತೆ ಎದುರಾಳಿಯ ಬಾಗಿಲಲ್ಲಿ ಕಡಿದು ಎಲ್ಲರೂ ಉಣ್ಣಲು ಎತ್ತು, ಅದರ ಹಿಂದೆ ಗಂಡಸರ ಸಾಲು, ಎಲ್ಲರ ಹಿಂದೆ ಅಡುಗೆಗೆ ಕೈಜೋಡಿಸಲು ಹೆಂಗಸರು. ತಕಿಯ್ಯಾ ಹಿಟ್ಟಿನ ಬುಟ್ಟಿ ಹೊತ್ತು ಪಕ್ಕದ ಮನೆಯ ಹೂರಿಯ್ಯಾಳ ಜೊತೆ ನಡೆಯುತ್ತಿದ್ದಳು. ಶೇಖನ ಕಲ್ಲಿನ ಮನೆ ಕಾಣುತ್ತಲೇ ತಮಟೆ ಮೊಳಗಿತು, ದೈಫುಲ್ಲಾ ದನಿ ಎತ್ತಿದ, ಸಾಲು ಕೂಗಿತು:

"ಒರತೆಯ ಒಡೆಯ ಸಿನಾನನೇ, ದೊಡ್ಡ ಮನಸಿನ ದೊರೆಯೇ ಕೇಳು,
ನಿನ್ನ ನೀರಲ್ಲಿ ನಮಗೂ ಹನಿಯಿಡು, ಬಡವರ ಹೊಲ ಬೀಳು."

ತಕಿಯ್ಯಾ ದಾರಿಯಲ್ಲೇ ನಿಂತುಬಿಟ್ಟಳು.

"ಏನೇ ಇದು?" ಎಂದಳು ಹೂರಿಯ್ಯಾ. "ಒಡೆಯ ಅಂತೆ! ಅವನು ಯಾವಾಗ ಒಡೆಯ ಆದ?"

"ಈಗ," ಎಂದಳು ತಕಿಯ್ಯಾ. "ಈಗ ತಾನೇ ನಮ್ಮೋರೇ ಮಾಡಿದ್ರು. ಇವರ ಬಾಯಿಗೆ ಮಣ್ಣು ಹಾಕ."

ಬಾಗಿಲಲ್ಲಿ ನಿಂತಿದ್ದ ಶೇಖನ ಕವಿ ಅಹ್ಸನನಿಗೆ ಇದಕ್ಕಿಂತ ಸುಲಭದ ದಿನ ಬಂದಿರಲಿಕ್ಕಿಲ್ಲ. ಉಸಿರು ತೆಗೆದುಕೊಳ್ಳುವಷ್ಟೂ ಹೊತ್ತು ಅವನಿಗೆ ಬೇಕಾಗಲಿಲ್ಲ. ಮೇಲಿನ ಊರಿನವರು ಗುಡುಗಿದರು:

"ಒಡೆಯನೆಂದೊಪ್ಪಿ ಬಂದವರೇ ಬನ್ನಿ, ನಿಮ್ಮದು ಒಳ್ಳೆಯ ಬಾಳು,
ಹನಿ ಕೇಳಿದಿರಿ, ಹನಿಯೇ ಕೊಡುವೆ, ಕಾಲುವೆ ಮಾತಿನ್ನು ಹಾಳು."

ಶೇಖ್ ಸಿನಾನ್ ಎರಡೂ ಕೈ ಚಾಚಿಕೊಂಡು ಮೆಟ್ಟಿಲಿಳಿದು ಬಂದ. ದಪ್ಪ ಮನುಷ್ಯ, ನಗುವುದು ಚೆನ್ನಾಗಿ ಬರುತ್ತಿತ್ತು. "ಬನ್ನಿ ಬನ್ನಿ, ಮನೆ ನಿಮ್ಮದೇ. ಇಲ್ಲಿ ನೀವೇ ಯಜಮಾನ್ರು, ನಾವೇ ನೆಂಟರು!" ಎಂದು ಒಬ್ಬೊಬ್ಬರನ್ನೂ ತಬ್ಬಿಕೊಂಡ. ನಮ್ಮವರು ಸಂತೋಷದಿಂದ ತಬ್ಬಿಸಿಕೊಂಡರು. ತಾವು ಸೋತಿದ್ದೇವೆಂದು ಅವರಿಗೆ ಗೊತ್ತಾದದ್ದು ಅಂಗಳದಲ್ಲಿ ಕೂತು, ಎರಡೂ ಕಡೆಯವರು ಕಠಾರಿ ಬಿಚ್ಚಿ ಹಾಜಿ ಮುತಹ್ಹರನ ಮುಂದೆ ಒತ್ತೆಯಿಟ್ಟ ಮೇಲೆ. ಹಾಜಿ ಎಂಬತ್ತು ದಾಟಿದ ಸಣಕಲು ಮುದುಕ, ಯಾರ ಕಡೆಗೂ ವಾಲದವನು. ಅವನು ಕಠಾರಿಗಳನ್ನು ಸಾಲಾಗಿ ಜೋಡಿಸಿ, "ನಾನೇನಪ್ಪ ಹೇಳ್ಲಿ?" ಎಂದ. "ಒರತೆ ಯಾರದು ಅಂತ ತೀರ್ಮಾನ ಮಾಡೋಕೆ ಕರೆಸಿದ್ರಿ. ನೀವೇ ಬಾಗಿಲಲ್ಲಿ ಒಡೆಯ ಅಂದ್ರಿ, ನಿನ್ನ ನೀರು ಅಂದ್ರಿ, ಹನಿ ಸಾಕು ಅಂದ್ರಿ. ಅವರು ಒಪ್ಕೊಂಡ್ರು. ಇನ್ನೇನು ಉಳಿದಿದೆ?"

"ಅದು ಮರ್ಯಾದೆಗೆ ಅಂದದ್ದು ಹಾಜಿ," ಎಂದ ದೈಫುಲ್ಲಾ.

"ನಿಮ್ಮ ಕಡೆಯಿಂದ ತಿರುಗಿ ಒಂದು ಪದ ಇದ್ರೆ ಹೇಳಿ. ಊಟ ಮುಗಿದು ಕೈ ತೊಳೆಯೋವರೆಗೂ ಬಾಗಿಲು ತೆರೆದಿರುತ್ತೆ. ಕೈ ತೊಳೆದ ಮೇಲೆ ಮುಚ್ಚಿತು."

ಒಳಗೆ ದೊಡ್ಡ ಕೊಪ್ಪರಿಗೆಯಲ್ಲಿ ಎತ್ತಿನ ಮಾಂಸ ಕುದಿಯುತ್ತಿತ್ತು. ತಕಿಯ್ಯಾ ಜೋಳದ ಮುದ್ದೆಯನ್ನು ಕೋಲಿನಿಂದ ತಿರುವುತ್ತಿದ್ದಳು, ತಿರುವುತ್ತಿದ್ದಳೋ ಯಾರನ್ನೋ ಹೊಡೆಯುತ್ತಿದ್ದಳೋ ಹೇಳುವುದು ಕಷ್ಟ. ಹಾಜಿ ಹೇಳಿದ್ದನ್ನು ಶೇಖನ ಮನೆಯ ಹೆಂಗಸರೇ ಅಂಗಳದಿಂದ ತಂದು ಹೇಳಿದರು. ಅವಳು ತಮ್ಮನನ್ನು ಹಿತ್ತಿಲ ಬಾಗಿಲಿಗೆ ಕರೆಸಿದಳು.

"ಮುಟ್ಟಲ್ಲ ಅಂದಿದ್ದೆ."

"ಎಲ್ಲರೂ ಹೇಳಿದ್ರು ಅಕ್ಕಾ. ನಾನೊಬ್ಬ ಏನ್ ಮಾಡ್ಲಿ?"

"ಹಾಡಿ ಹೊಗಳಿಸ್ಕೊಳ್ಳೋಕೆ ನೀನೊಬ್ಬನೇ, ಕೆಡಿಸೋಕೆ ಮಾತ್ರ ಎಲ್ಲರೂನಾ? ಊರಿನ ಅನ್ನ ಹೋಯ್ತಲ್ಲೋ! ನಾಳೆ ನಿನ್ನ ಮಕ್ಕಳು ಏನ್ ತಿಂತಾರೆ? ನಿನ್ನ ಕ್ಯಾಸೆಟ್ಟಾ?"

ದೈಫುಲ್ಲಾ ತಲೆ ತಗ್ಗಿಸಿದ. ತಕಿಯ್ಯಾ ಕೋಲನ್ನು ಗೋಡೆಗೆ ಒರಗಿಸಿದಳು. ಅಂಗಳದಲ್ಲಿ ಶೇಖ್ ಸಿನಾನ್ ತಡವಾಗಿ ಬಂದ ಯಾರನ್ನೋ "ಬಾ ಬಾ, ಮನೆ ನಿನ್ನದೇ" ಎಂದು ಸ್ವಾಗತಿಸುವುದು ಕೇಳಿಸಿತು. ಅವಳು ತುಟಿಯಲ್ಲೇ ಏನೋ ಎಣಿಸಿ, ಬಿಟ್ಟು, ಮತ್ತೆ ಎಣಿಸಿದಳು. ಆಮೇಲೆ ತಮ್ಮನ ಕಿವಿಗೆ ಬಾಯಿಟ್ಟು ಎರಡು ಸಾಲು ಹೇಳಿದಳು.

ದೈಫುಲ್ಲಾನ ಮುಖದ ಬಣ್ಣ ಇಳಿಯಿತು. "ಬೇಡಕ್ಕಾ. ಅವನ ಮನೆ ಅಂಗಳದಲ್ಲಿ ಕೂತು, ಅವನ ಅನ್ನ ತಿಂದು, ಅವನಿಗೇ ಇಂಥ ಮಾತಾ?"

"ಅವನ ಅನ್ನ ಎಲ್ಲೋ? ತಿಂತಿರೋದು ನಮ್ಮ ಎತ್ತನ್ನ!"

"ಇಂಥ ಪದ ಹೇಳಿದೋನು ಹೊಸದಾಗಿ ಒತ್ತೆ ಇಡಬೇಕು. ಮಾತು ತಪ್ಪು ಅಂತ ತೀರ್ಮಾನ ಆದ್ರೆ ಒತ್ತೆನೂ ಹೋಗುತ್ತೆ, ಮಾನಾನೂ ಹೋಗುತ್ತೆ. ಸುತ್ತಮುತ್ತ ಹಳ್ಳೀಲಿ ನನ್ನ ಹೆಸರು ಏನಾಗ್ಬೇಕು?"

ತಕಿಯ್ಯಾ ಅವನನ್ನು ಮೇಲಿಂದ ಕೆಳಗೆ ನೋಡಿದಳು. ಚಿಕ್ಕಂದಿನಲ್ಲಿ ಬೆನ್ನ ಮೇಲೆ ಕಟ್ಟಿಕೊಂಡು ನೀರಿಗೆ ಹೋಗುತ್ತಿದ್ದ ತಮ್ಮ. ಅವನ ಮೇಲೆ ಸಿಟ್ಟಿಗಿಂತ ಹೆಚ್ಚಾಗಿ ಬೇಸರ ಬಂತು, ತನ್ನ ಮೇಲೂ ಬಂತು. ಇವನ ಬಾಯಿಗೆ ಇಷ್ಟು ವರ್ಷ ತುತ್ತಿಟ್ಟ ಹಾಗೆ ಪದ ಇಟ್ಟವಳು ತಾನೇ ಅಲ್ಲವೇ?

"ಹೋಗು," ಎಂದಳು. "ಹೋಗಿ ಮಾಂಸ ತಿನ್ನು."

ಅವಳು ಹೂರಿಯ್ಯಾಳ ಕೈ ಹಿಡಿದು ಅಡುಗೆಮನೆಯ ಪಕ್ಕದ ಮೆಟ್ಟಿಲು ಹತ್ತಿ ಮಾಳಿಗೆಗೆ ಹೋದಳು. ಉಳಿದವರು ಹಿಂದೆ ಬಂದರು. ಹೆಂಗಸರು ಝಾಮಿಲ್ ಹೇಳುವ ಪದ್ಧತಿಯಿಲ್ಲ, ಹಾಡಬಾರದೆಂದು ಯಾರೂ ಬಾಯಿಬಿಟ್ಟು ಹೇಳಿಯೂ ಇರಲಿಲ್ಲ. ಅದು ಯಾರ ತಲೆಗೂ ಹೊಳೆದಿರಲಿಲ್ಲ, ಅಷ್ಟೇ. ಶೇಖನ ಚಿಕ್ಕ ಸೊಸೆ, ಬಾಣಂತಿ ಹುಡುಗಿ, ಏನನ್ನೂ ಕೇಳದೆ ಒಂದು ದೊಡ್ಡ ತಾಮ್ರದ ತಟ್ಟೆಯನ್ನು ಹೂರಿಯ್ಯಾಳ ಕೈಗೆ ಕೊಟ್ಟು ಒಳಗೆ ಹೋದಳು. ಹೂರಿಯ್ಯಾ ಬಾರಿಸಿದಳು. ಕೆಳಗೆ ಗಂಡಸರು ತುತ್ತು ಕೈಯಲ್ಲಿ ಹಿಡಿದು ತಲೆಯೆತ್ತಿದರು. ತಕಿಯ್ಯಾಳ ದನಿ ಮೊದಲು ನಡುಗಿತು, ಎರಡನೆಯ ಸಲ ನಡುಗಲಿಲ್ಲ, ಮೂರನೆಯ ಸಲ ಎಲ್ಲ ಹೆಂಗಸರೂ ಸೇರಿದರು:

"ಸವಿಮಾತೇ ಸಾಕ್ಷಿಯಾಗುವುದಾದರೆ ನೀನಂದದ್ದನ್ನೂ ಹೇಳು,
'ಮನೆ ನಿಮ್ಮದೇ' ಎಂದೆಯಲ್ಲ ಶೇಖನೇ, ಕೀಲಿ ಕೊಟ್ಟು ಏಳು!"

ಅಂಗಳದ ಹಿಂದಿನ ಸಾಲಿನಲ್ಲಿ ಯಾರೋ ಒಬ್ಬ ಕಿಸಕ್ಕೆಂದ, ಪಕ್ಕದವನು ಅವನ ತೊಡೆ ಚಿವುಟಿದ.

ಶೇಖ್ ಸಿನಾನ್ ನಗುವುದನ್ನು ಮರೆತಿದ್ದ. "ಯಾರದಿದು?" ಎಂದ. "ಒಡೆಯನಿಲ್ಲದ ಪದ ಗಾಳಿ ಇದ್ದ ಹಾಗೆ. ಅದಕ್ಕೆ ಉತ್ತರ ಕೊಡೋ ದರ್ದು ನಂಗಿಲ್ಲ. ದೈಫುಲ್ಲಾ, ನಿಂದೇನಯ್ಯಾ ಇದು?"

ಎಲ್ಲರ ಕಣ್ಣೂ ಕವಿಯ ಮೇಲೆ ಬಿತ್ತು. ಅವನು ಮುದ್ದೆಯ ತುತ್ತನ್ನು ಕಷ್ಟಪಟ್ಟು ನುಂಗಿದ.

"ನಂದಲ್ಲ," ಎಂದ.

ಇಷ್ಟು ವರ್ಷದ ಕವಿತ್ವದಲ್ಲಿ ಆ ಮಹಾನುಭಾವ ನಿಜ ಹೇಳಿದ್ದು ಅದೇ ಮೊದಲು.

"ಹಾಗಾದ್ರೆ ಗಾಳಿ," ಎಂದ ಶೇಖ್. "ನೀರು ತನ್ನಿ, ಕೈ ತೊಳೆಯೋಣ."

"ತಡೀರಿ!" ಎಂಬ ಕೂಗು ಮಾಳಿಗೆಯಿಂದ ಬಂತು. ತಕಿಯ್ಯಾ ದಡದಡ ಮೆಟ್ಟಿಲಿಳಿದು, ಮುಸುಕನ್ನು ಹಲ್ಲಿನಲ್ಲಿ ಕಚ್ಚಿಕೊಂಡು, ಗಂಡಸರ ಊಟದ ಪಂಕ್ತಿಗಳ ನಡುವೆ ನಡೆದು ಬಂದಳು. ಜನ ಕಾಲು ಮಡಚಿಕೊಂಡು ದಾರಿ ಬಿಟ್ಟರು. ಅವಳು ಹಾಜಿಯ ಮುಂದೆ ನಿಂತಳು.

"ಪದ ನಂದು ಹಾಜಿ."

ಹಾಜಿ ಕಣ್ಣು ಕಿರಿದು ಮಾಡಿ ನೋಡಿದ. "ನಿಂದಾ ತಾಯೀ? ಪದದ ಜೊತೆ ಒತ್ತೆ ಇಡಬೇಕು. ನಿನ್ನ ಹತ್ರ ಕಠಾರಿ ಇಲ್ಲ. ನಿನ್ನ ಮನೆ ಗಂಡಸರು ಯಾರಾದ್ರೂ ಇಡ್ತಾರಾ?"

ಅವಳು ತಮ್ಮನ ಕಡೆ ತಿರುಗಲೂ ಇಲ್ಲ. ಸೊಂಟಕ್ಕೆ ಕಟ್ಟಿದ್ದ ದಾರವನ್ನು ಎಳೆದು ಕಿತ್ತು, ಅದರಲ್ಲಿದ್ದ ಮನೆಯ ಕೀಲಿಯನ್ನು ಕಠಾರಿಗಳ ಸಾಲಿನ ಪಕ್ಕಕ್ಕಿಟ್ಟಳು. ಗೇಣುದ್ದದ ಮರದ ಕೀಲಿ, ಹಿಡಿದು ಹಿಡಿದು ಕಪ್ಪಾಗಿತ್ತು.

"ಗಂಡ ಕಟ್ಟಿದ ಮನೆ. ನಂಗಿರೋ ಸೂರು ಅದೊಂದೇ. ನನ್ನ ಮಾತು ತಪ್ಪಾದ್ರೆ ನೀವು ಅದನ್ನ ಶೇಖನಿಗೆ ಕೊಡಿ, ನಾನು ಇವತ್ತೇ ಹಸು ಹೊಡ್ಕೊಂಡು ಹೊರಗೆ ಹೋಗ್ತೀನಿ. ತಪ್ಪಲ್ಲ ಅಂದ್ರೆ ಅವರೂ ಕೀಲಿ ಇಡ್ಲಿ. ಸರಿಸಮ ಒತ್ತೆ ಅಲ್ವಾ ನಿಮ್ಮ ನ್ಯಾಯ?"

ಹಾಜಿ ಆ ಕೀಲಿಯನ್ನು ಕಠಾರಿಗಳ ಸಾಲಿಗೆ ನೇರವಾಗಿ ಜೋಡಿಸಿದ. ಆಮೇಲೆ, "ಹೌದು, ಸರಿಸಮ ಒತ್ತೆ," ಎಂದು ಶೇಖನ ಕಡೆ ತಿರುಗಿದ. "ಇಲ್ಲಾಂದ್ರೆ ನಿನ್ನ ಕವಿ ಉತ್ತರ ಹೇಳ್ಲಿ ಸಿನಾನ್. ಇನ್ನೂ ಯಾರೂ ಕೈ ತೊಳೆದಿಲ್ಲ."

ಅಹ್ಸನ್ ಬಾಯಿ ತೆರೆದ. "ಶೇಖನ ಮಾತು..." ಎಂದ. ಮತ್ತೆ, "ನೆಂಟರ ಮಾತು..." ಎಂದ. ಬೆವರು ಒರೆಸಿಕೊಂಡ. ಪ್ರಾಸ ಬೇಕಾದಷ್ಟಿತ್ತು, ಹೇಳುವುದಕ್ಕೆ ಮಾತಿರಲಿಲ್ಲ. ಬಾಗಿಲಲ್ಲಿ ಅಂದ ಉಪಚಾರ ಬರೀ ಉಪಚಾರ ಎಂದರೆ ಒರತೆ ಹೋಗುತ್ತಿತ್ತು, ಅಲ್ಲ ಎಂದರೆ ಮನೆಯೇ ಹೋಗುತ್ತಿತ್ತು.

ಶೇಖ್ ಸಿನಾನ್ ಸುತ್ತಲೂ ನೋಡಿದ. ಅವನ ಊರಿನವರೇ ತಟ್ಟೆಯಲ್ಲಿ ಏನೋ ಹುಡುಕುತ್ತಿದ್ದರು. ಅವನು ಜೇಬಿಗೆ ಕೈ ಹಾಕಿ ಪಂಪಿನ ಮನೆಯ ಕಬ್ಬಿಣದ ಕೀಲಿಯನ್ನು ತೆಗೆದು ಹಾಜಿಯ ಮುಂದೆ ಎಸೆದ. "ಇದನ್ನ ತಗೊಳ್ಳಿ. ಹೆಂಗಸರ ಹತ್ರ ಯಾರು ವಾದ ಮಾಡ್ತಾರೆ."

"ಸೋತ ಮೇಲೆ ಯಾರೂ ಮಾಡಲ್ಲ," ಎಂದ ಹಾಜಿ. "ಉಪಚಾರದ ಮಾತು ಎರಡು ಕಡೆಗೂ ಉಪಚಾರವೇ. ಮನೆ ಸಿನಾನಂದು. ಒರತೆ ಮೊದಲು ಹೇಗಿತ್ತೋ ಹಾಗೆ, ಸರದಿ ಮೇಲೆ. ಒಣಗಿರೋ ಜೋಳಕ್ಕೆ ಇವತ್ತಿನಿಂದಲೇ ನೀರು." ಅವನು ಎರಡೂ ಕೀಲಿಗಳನ್ನು ತಕಿಯ್ಯಾಳ ಕಡೆ ತಳ್ಳಿದ. "ಸಾಕಾ ತಾಯೀ?"

"ಸಾಕು. ಅಷ್ಟು ದೊಡ್ಡ ಮನೆ ಯಾರಿಗೆ ಬೇಕಿತ್ತು? ಗುಡಿಸೋರು ಯಾರು?"

ಈಗ ನಗು ತಡೆಯಲು ಯಾರಿಂದಲೂ ಆಗಲಿಲ್ಲ. ಗಂಡಸರು ಒತ್ತೆಯಿಟ್ಟ ಕಠಾರಿಗಳನ್ನು ಹಿಂದಕ್ಕೆ ಪಡೆದು ಮತ್ತೆ ಊಟಕ್ಕೆ ಬಾಗಿದರು, ಆಮೇಲೆ ಖಾತ್ ಬಂತು, ತಮಟೆ ಬಂತು. ನೀರು ಬಿಡಲು ಒಬ್ಬನೂ ಏಳಲಿಲ್ಲ. ಗೆದ್ದದ್ದನ್ನು ಮೊದಲು ಹಾಡಿ ಮುಗಿಸಬೇಕಲ್ಲ. ತಕಿಯ್ಯಾ ಗೊಣಗುತ್ತಲೇ ಹೆಂಗಸರನ್ನು ಕರೆದುಕೊಂಡು ಹೋಗಿ, ಪಂಪು ನಿಲ್ಲಿಸಿ, ಹಳೆಯ ಕಾಲುವೆಯ ಬಾಯಿಗೆ ಬಿದ್ದಿದ್ದ ಕಲ್ಲುಮಣ್ಣನ್ನು ಕೈಯಲ್ಲೇ ಬಗೆದಳು. ನೀರು ಹಿಂದೆಮುಂದೆ ನೋಡುತ್ತ ಕೆಳಗಿಳಿಯಿತು.

ಬಿಸಿಲು ಇಳಿಯುವ ಹೊತ್ತಿಗೆ ದೈಫುಲ್ಲಾ ಅವಳ ಹೊಲದ ಬದುವಿನ ಮೇಲೆ ಬಂದು ನಿಂತ. ನೀರು ಅವಳ ಮೇಲಿನ ಮೆಟ್ಟಿಲನ್ನು ತುಂಬುತ್ತಿತ್ತು. ಅವಳು ಮೊಣಕಾಲಿನವರೆಗೆ ಕೆಸರಿನಲ್ಲಿದ್ದಳು.

"ಅಕ್ಕಾ, ಮೇಲೆ ಎಲ್ಲರೂ ನಿನ್ನ ಪದಾನೇ ಹಾಡ್ತಿದಾರೆ."

ಅವಳು ಒಂದು ಸನಿಕೆ ಕೆಸರೆತ್ತಿ ಬದುವಿಗೆ ಹಾಕಿದಳು.

"ನೋಡಿದ್ಯಲ್ಲ, ಅಷ್ಟು ಜನರ ಮುಂದೆ ನಂದಲ್ಲ ಅಂದೆ. ಬೇರೆ ಯಾರಾದ್ರೂ ಆಗಿದ್ರೆ ತನ್ನದೇ ಅಂತ ಹೇಳ್ಕೊಂಡಿರೋರು."

ತಕಿಯ್ಯಾ ಸನಿಕೆಯನ್ನು ಕೆಸರಿಗೆ ಊರಿ ನೆಟ್ಟಗೆ ನಿಂತಳು.

"ನಂದಲ್ಲ ಅಂದೆ," ಎಂದಳು. "ಅಕ್ಕಂದು ಅಂದ್ಯಾ?"

ದೈಫುಲ್ಲಾ ಬದುವಿನ ಮೇಲೆ ನಿಂತೇ ಇದ್ದ. ಅವನ ಕಾಲ ಬಳಿ ಮಣ್ಣು ಕುಸಿದು ನೀರು ಪಕ್ಕದ ಹೊಲಕ್ಕೆ ನುಗ್ಗತೊಡಗಿತು.

"ನಿಂತ್ಕೊಂಡು ಏನ್ ನೋಡ್ತೀಯ? ಬದು ಒಡೀತಿದೆ, ಇಳಿದು ಮಣ್ಣು ಹಾಕು."

ಅವನು ಕಠಾರಿಯ ಪಟ್ಟಿ ಬಿಚ್ಚಿ ಬದುವಿನ ಮೇಲಿಟ್ಟು ಕೆಸರಿಗಿಳಿದ.